ಹೂಂ ಅನ್ನದವನು

ನಮ್ಮೂರಿನಿಂದ ಹೊರಗೆ ಹೋಗುವ ದಾರಿಯಲ್ಲಿ ಯಾರೂ ಸುಮ್ಮನೆ ಕೂರುವಂತಿಲ್ಲ. ಗಾಡಿಯಲ್ಲಿ ಒಬ್ಬರು ಏನಾದರೂ ಹೇಳುತ್ತಿರಬೇಕು, ಉಳಿದವರೆಲ್ಲ ಹೂಂಗುಡುತ್ತಿರಬೇಕು. ಹೂಂ ಎಂದೇ ಅನ್ನಬೇಕೆಂದೇನಿಲ್ಲ. ಆಮೇಲೆ, ಅಯ್ಯೋ, ಹೌದಾ, ಥೂ, ಸುಳ್ಳು ಹೇಳಬೇಡ, ಯಾವುದಾದರೂ ನಡೆಯುತ್ತದೆ. ಆದರೆ ಒಬ್ಬರು ಬಾಯಿ ಮುಚ್ಚಿದರೂ ಸಾಕು, ಮುಂದಿನ ತಿರುವು ಕಳೆದ ಕೂಡಲೇ ಎದುರಿಗೆ ನಮ್ಮೂರಿನ ಸ್ವಾಗತ ಕಮಾನು, ಅದರ ಪಕ್ಕದಲ್ಲಿ ಬಣ್ಣ ಹೋದ ನೀರಿನ ಟ್ಯಾಂಕು. ಬಂದಷ್ಟೂ ದಾರಿ ದಂಡ. ಹೊಳೆಯ ಸೇತುವೆ ದಾಟುವವರೆಗೂ ಇದೇ ಪಾಡು. ದಾಟಿದ ಮೇಲೆ ನೀವು ಬಾಯಿಗೆ ಬೀಗ ಹಾಕಿಕೊಂಡು ಕೂತರೂ ಕೇಳುವವರಿಲ್ಲ.

ಹೊರಗಿನವರು ಇದನ್ನು ಕೇಳಿ ನಗುತ್ತಾರೆ. ನಗಲಿ. ನಮಗೆ ಇದು ಹುಟ್ಟಿದಾಗಿನಿಂದ ಅಭ್ಯಾಸ. ನಮ್ಮ ಬಸ್ಸಿನಲ್ಲಿ ಡ್ರೈವರ್, ಕಂಡಕ್ಟರ್ ಜೊತೆಗೆ ಹೇಳುವವರು ಅಂತ ಒಬ್ಬರಿರುತ್ತಾರೆ. ಈಗಿರುವವರು ನಿವೃತ್ತ ಡ್ರಿಲ್ ಮೇಷ್ಟ್ರು. ದಿನಾ ತಮ್ಮ ಮೂಲವ್ಯಾಧಿಯ ಆಪರೇಷನ್ ಕಥೆಯನ್ನೇ ಹೇಳುತ್ತಾರೆ, ಜನ ಬೈದುಕೊಳ್ಳುತ್ತ ಹೂಂ ಅನ್ನುತ್ತಾರೆ. ತೂಕಡಿಸುವವರನ್ನು ಕಂಡಕ್ಟರ್ ಪೆನ್ನಿನಿಂದ ತಿವಿಯುತ್ತಾನೆ. ಹಾಲುಹಲ್ಲಿನ ಮಕ್ಕಳನ್ನೂ ಪ್ರಜ್ಞೆ ತಪ್ಪಿದವರನ್ನೂ ದಾರಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮಾತು ಬಾರದ ಟೈಲರ್ ತಿಪ್ಪಯ್ಯ ಕಿಟಕಿ ಸರಳಿನ ಮೇಲೆ ಟಕಟಕ ಬಡಿಯುತ್ತಾನೆ, ಅದಕ್ಕೂ ದಾರಿ ಒಪ್ಪುತ್ತದೆ. ಹೆಣ್ಣು ಕೊಡುವವರು ಹುಡುಗನ ಸಂಬಳ ಕೇಳುವ ಮೊದಲು ಹುಡುಗ ಹೂಂ ಅನ್ನುತ್ತಾನಾ ಎಂದು ವಿಚಾರಿಸುತ್ತಾರೆ. ಒಬ್ಬರೇ ಊರು ಬಿಡುವ ಮಾತೇ ಇಲ್ಲ. ಹೇಳುವವರಿದ್ದರೆ ಕೇಳುವವರಿರಬೇಕು, ಅಷ್ಟೆ. ನಮ್ಮಲ್ಲಿ ಯಾರನ್ನಾದರೂ ತೀರಾ ಕೆಟ್ಟದಾಗಿ ಬೈಯಬೇಕೆಂದರೆ ಅಪ್ಪ ಅಮ್ಮನವರೆಗೆ ಹೋಗುವುದಿಲ್ಲ, ಹೂಂ ಅನ್ನದವನು ಅಂದುಬಿಡುತ್ತೇವೆ.

ನಾನು ಅಂಬುಜಾ. ಹೊಲಿಗೆ ಕಲಿಸುತ್ತೇನೆ, ಮಾತು ಜಾಸ್ತಿ. ಬೇರೆ ಊರಲ್ಲಿ ಹುಟ್ಟಿದ್ದರೆ ಗಂಡನ ಮನೆಯಲ್ಲಿ ದಿನಾ ಬೈಸಿಕೊಳ್ಳಬೇಕಿತ್ತು. ಇಲ್ಲಿ ಮದುವೆ, ಆಸ್ಪತ್ರೆ, ಕೋರ್ಟು, ಯಾರೇ ಎಲ್ಲಿಗೇ ಹೊರಟರೂ "ಅಂಬುಜಕ್ಕ, ನೀವೊಬ್ರು ಬನ್ನಿ" ಅಂತ ಬಾಗಿಲಿಗೆ ಬರುತ್ತಾರೆ. ಆ ದಿನ ಬೆಳಿಗ್ಗೆ ಆಟೋದಲ್ಲಿ ಮೈಕು ಕಟ್ಟಿಕೊಂಡು ಬಂದವನು ಚಂಡಮಾರುತ ಬರುತ್ತಿದೆ, ಸಾಯಂಕಾಲದೊಳಗೆ ಸಮುದ್ರ ಊರೊಳಗೆ ನುಗ್ಗುತ್ತದೆ, ಎಲ್ಲರೂ ಜೊತೆಗಾರರನ್ನು ನೋಡಿಕೊಂಡು ಸೇತುವೆಯಾಚೆ ಹೋಗಬೇಕು ಎಂದು ಕೂಗಿದ ಮೇಲೆ ಐದಾರು ಮನೆಯವರು ನನ್ನನ್ನು ಕರೆದರು. ನಾನು ಯಾರಿಗೂ ಒಪ್ಪಲಿಲ್ಲ. ಸೌದೆ ಒಲೆಯ ಕಾಲದಿಂದ ನನ್ನ ಜೊತೆಗಿರುವವರು ಇಬ್ಬರೇ, ಗುಲಾಬಿ ಮತ್ತು ಖೈರುನ್ನೀಸಾ. ಹೋದರೆ ಅವರ ಜೊತೆಯಲ್ಲೇ.

ಗುಲಾಬಿ ಅಂಗಡಿಗಳಿಗೆ ಸೋಡಾ ಹಾಕುವವಳು. ಅವಳದೇ ಒಂದು ವ್ಯಾನಿದೆ. ಕ್ರೇಟುಗಳನ್ನೆಲ್ಲ ಮನೆಯಲ್ಲಿ ಇಳಿಸಿ ಮಧ್ಯಾಹ್ನದ ಹೊತ್ತಿಗೆ ಬಂದು ಹಾರನ್ ಹೊಡೆದಳು. ನಾನು ಅರ್ಧ ಬೆಂದ ಬೇಳೆಯನ್ನು ಕುಕ್ಕರ್ ಸಮೇತ ಎತ್ತಿಕೊಂಡು ಓಡಿದೆ. ಗಾಬರಿಯಲ್ಲಿ ಮನುಷ್ಯರು ಏನು ಎತ್ತಿಕೊಳ್ಳುತ್ತಾರೋ ಹೇಳಲಾಗುವುದಿಲ್ಲ. ಖೈರು ತನ್ನ ಕೋಳಿಯನ್ನು ಬುಟ್ಟಿಯಲ್ಲಿಟ್ಟು, ಮೇಲೆ ಟವೆಲ್ ಮುಚ್ಚಿ, ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಅವಳ ಗಂಡ, ಮಕ್ಕಳು, ನನ್ನ ಗಂಡ ಎಲ್ಲ ಬೆಳಿಗ್ಗೆಯೇ ಬಸ್ಸಿನಲ್ಲಿ ಹೋಗಿದ್ದರು. ಕೋಳಿಗೆ ಬಸ್ಸಿನಲ್ಲಿ ಜಾಗ ಕೊಡಲಿಲ್ಲವೆಂದು ಇವಳು ಉಳಿದಿದ್ದಳು.

"ಇದಕ್ಕೋಸ್ಕರ ಜೀವ ಕಳ್ಕೊಳ್ತೀಯೇನೇ?" ಅಂದೆ.

"ನೀನು ಬೇಳೆಗೋಸ್ಕರ ಕಳ್ಕೊಳ್ತೀಯಲ್ಲ, ಹಾಗೆ," ಅಂದಳು.

ಗಾಳಿ ಇನ್ನೂ ಜೋರಾಗಿರಲಿಲ್ಲ. ಆದರೆ ಆಕಾಶ ಸಮುದ್ರದ ಕಡೆಯಿಂದ ಹಳದಿ ತಿರುಗಿತ್ತು. ಬೀದಿಯಲ್ಲಿ ಒಂದು ನಾಯಿಯೂ ಕಾಣಲಿಲ್ಲ. ನಾನು ಕಮಾನು ದಾಟಿದ ಕೂಡಲೇ ಶುರುಮಾಡಿದೆ. ನಮ್ಮ ದೊಡ್ಡಪ್ಪನ ಎರಡನೇ ಮದುವೆಯಲ್ಲಿ ಮೊದಲನೇ ಹೆಂಡತಿಯೇ ಬಡಿಸಿದ ಕಥೆ. ಅದು ಸುಳ್ಳು, ನಮ್ಮ ದೊಡ್ಡಪ್ಪನಿಗೆ ಆದದ್ದು ಒಂದೇ ಮದುವೆ. ದಾರಿಯಲ್ಲಿ ನಿಜ ಸುಳ್ಳು ಯಾರೂ ನೋಡುವುದಿಲ್ಲ, ದಾರಿಯೂ ನೋಡುವುದಿಲ್ಲ. ಅಲ್ಲಿ ಕೇಳಿದ್ದನ್ನು ಸೇತುವೆ ದಾಟಿದ ಮೇಲೆ ಯಾರೂ ಕೆದಕುವುದೂ ಇಲ್ಲ. ಹಾಗೆ ಕೆದಕುವುದು ನಮ್ಮಲ್ಲಿ ಮರ್ಯಾದೆಯಲ್ಲ.

"ಹೂಂ," ಅನ್ನುತ್ತಿದ್ದಳು ಗುಲಾಬಿ, ರಸ್ತೆಯ ಮೇಲೆ ಕಣ್ಣಿಟ್ಟು.

"ಅಲ್ಲಾ, ಆಮೇಲೆ?" ಅನ್ನುತ್ತಿದ್ದಳು ಖೈರು. ಅವಳು ನಿದ್ದೆಯಲ್ಲೂ ತಪ್ಪದೆ ಹೂಂ ಅನ್ನಬಲ್ಲವಳು. ಒಮ್ಮೆ ಜ್ವರದಲ್ಲಿ ರಾತ್ರಿಯೆಲ್ಲ ಅಂದಿದ್ದಳಂತೆ.

ಸ್ವಲ್ಪ ದೂರ ಹೋದ ಮೇಲೆ ಖೈರು ಡಬ್ಬಿ ಬಿಚ್ಚಿ ಎಲ್ಲರಿಗೂ ಚಕ್ಕುಲಿ ಕೊಟ್ಟಳು. "ನೋಡ್ರೇ, ಮೂವರೂ ಸೇರಿ ಎಲ್ಲಾದ್ರೂ ಹೋಗೋಣ ಅಂತ ಮದುವೆಗೆ ಮುಂಚಿಂದ ಹೇಳ್ತಾನೇ ಇದ್ವಿ. ಚಂಡಮಾರುತ ಬಂದು ಕರ್ಕೊಂಡು ಹೋಗ್ಬೇಕಾಯ್ತು," ಅಂದಳು. ಗುಲಾಬಿ ನಕ್ಕಳು. ನಾನೂ ನಕ್ಕೆ. ಆ ಗಳಿಗೆ ಚೆನ್ನಾಗಿತ್ತು. ಚಕ್ಕುಲಿ ತಿನ್ನುತ್ತ, ಬಾಯಿ ತುಂಬಿಕೊಂಡೇ ಹೂಂ ಅನ್ನುತ್ತ, ನಾವು ನಿಜವಾಗಿಯೂ ಎಲ್ಲೋ ಪ್ರವಾಸ ಹೊರಟಿದ್ದೇವೆ ಅನ್ನಿಸಿತು.

ದೊಡ್ಡಪ್ಪನ ಕಥೆ ಮುಗಿಯಿತು. ಹೊಸದು ಹೊಳೆಯಲಿಲ್ಲ. ಗಾಬರಿಯಿದ್ದಾಗ ನನ್ನಂಥವಳಿಗೂ ನಾಲಿಗೆ ಒಣಗುತ್ತದೆ. ಸುಮ್ಮನಿರಬಾರದಲ್ಲ ಎಂದು ನಮ್ಮ ಬೀದಿಯಲ್ಲಿ ಯಾರು ಯಾರ ಜೊತೆ ಹೋದರು ಅಂತ ಒಂದು ತುದಿಯಿಂದ ಹೇಳಿಕೊಂಡು ಹೋದೆ. ಹಾಲಿನ ಬೂತಿನವರು ಮಾವನ ಮನೆಯವರ ಜೀಪಿನಲ್ಲಿ. ಪೂಜಾರಿ ಭಟ್ಟರು ಮತ್ತು ಬಾರ್ ಸುಧೀರ ಒಂದೇ ಸ್ಕೂಟರಿನಲ್ಲಿ, ಅದನ್ನು ನೋಡಲು ಎರಡು ಕಣ್ಣು ಸಾಲದು. ಟೈಲರ್ ತಿಪ್ಪಯ್ಯ ಬಸ್ಸಿನಲ್ಲಿ. ಗುಲಾಬಿ, ಖೈರು ಇಬ್ಬರೂ ಹೂಂ, ಹೂಂ ಅನ್ನುತ್ತಿದ್ದರು. ಹೀಗೇ ಬೀದಿಯ ಕೊನೆಗೆ ಬಂದೆ. ಕೊನೆಯ ಮನೆ ವಿಠೋಬನದು.

"ವಿಠೋಬ..." ಅಂದವಳು ನಿಂತೆ. "ವಿಠೋಬನ್ನ ಯಾರು ಕರ್ಕೊಂಡು ಹೋದ್ರು?"

"ಹಾಲಿನವ್ರು ಅಲ್ವಾ?" ಅಂದಳು ಖೈರು.

"ಅವ್ರ ಜೀಪಲ್ಲಿ ಅವ್ರೇ ಒಬ್ರ ಮೇಲೊಬ್ರು ಕೂತಿದ್ರು. ನಾನೇ ನೋಡಿದ್ನಲ್ಲ. ನಾನು ಭಟ್ರು ಅಂದ್ಕೊಂಡಿದ್ದೆ."

"ಸ್ಕೂಟರಲ್ಲಿ ಮೂರು ಜನ ಹ್ಯಾಗೆ ಆಗ್ತಾರೆ?"

ನಾವಿಬ್ಬರೂ ಗುಲಾಬಿಯ ಕಡೆ ನೋಡಿದೆವು. ಅವಳು ಹೂಂ ಅನ್ನಲಿಲ್ಲ.

ವಿಠೋಬ ಗುಲಾಬಿಯ ಒಡಹುಟ್ಟಿದ ತಮ್ಮ. ಹಾರ್ಮೋನಿಯಂ ರಿಪೇರಿ ಮಾಡುತ್ತಾನೆ. ಅಕ್ಕ ತಮ್ಮ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಅವರ ಅವ್ವನಿಗೆ ಉಸಿರಾಟದ ತೊಂದರೆಯಾದಾಗ ಇದೇ ವ್ಯಾನಿನಲ್ಲಿ ಸೇತುವೆಯಾಚೆಯ ಆಸ್ಪತ್ರೆಗೆ ಹೊರಟಿದ್ದರು. ಗುಲಾಬಿ ಓಡಿಸುತ್ತ, ಬಾಯಿಗೆ ಬಂದದ್ದು ಹೇಳುತ್ತ ಹೋಗಿದ್ದಳು. ಅವ್ವ ಆ ಸ್ಥಿತಿಯಲ್ಲೂ ಹೂಂ ಅನ್ನುತ್ತಿದ್ದಳು. ಅವ್ವನ ತಲೆ ತೊಡೆಯ ಮೇಲಿಟ್ಟುಕೊಂಡಿದ್ದ ವಿಠೋಬ ಮಾತ್ರ ಅರ್ಧ ದಾರಿಯಲ್ಲಿ ಸುಮ್ಮನಾಗಿಬಿಟ್ಟ. ವ್ಯಾನು ತಿರುಗಿ ಕಮಾನಿಗೆ ಬಂತು. ಗುಲಾಬಿ ಮತ್ತೆ ಹೊರಟಳು, ಮತ್ತೆ ತಿರುಗಿತು, ಮತ್ತೆ ಹೊರಟಳು. ಹೂಂ ಅನ್ನೋ, ಹೂಂ ಅನ್ನೋ ಎಂದು ಕೂಗಿ ಕೂಗಿ ಅವಳ ಗಂಟಲು ಕಟ್ಟಿತು. ಕೊನೆಗೆ ಅವ್ವ ಕಮಾನಿನ ಕೆಳಗೇ ಹೋಗಿಬಿಟ್ಟಳು. ಯಾಕೆ ಸುಮ್ಮನಾದೆ ಎಂದು ಊರಿಗೆ ಊರೇ ಕೇಳಿತು. ಅವನು ಯಾರಿಗೂ ಉತ್ತರ ಕೊಡಲಿಲ್ಲ. ಅಂದಿನಿಂದ ಯಾರೂ ಅವನನ್ನು ಗಾಡಿಗೆ ಹತ್ತಿಸಿದ್ದಿಲ್ಲ, ಅವನು ಕಮಾನು ದಾಟಿದ್ದೂ ಇಲ್ಲ. ಬೀದಿಯವರೆಲ್ಲ ಅವನನ್ನು ಇನ್ನೊಬ್ಬರು ಕರೆದುಕೊಂಡು ಹೋಗುತ್ತಾರೆ ಅಂದುಕೊಂಡಿದ್ದರು. ನಾನೂ ಅಂದುಕೊಂಡಿದ್ದೆ. ಈಗ ಖಾಲಿ ಊರಲ್ಲಿ ಅವನೊಬ್ಬನೇ ಉಳಿದಿದ್ದ, ಹೇಳಲು ಕೇಳಲು ಇನ್ನೊಂದು ಜೀವವಿಲ್ಲದೆ.

"ಗುಲಾಬಿ, ಏನಾದ್ರೂ ಅನ್ನೇ. ತಿರುವು ಬಂತು," ಅಂದೆ.

ಅವಳು ಅನ್ನಲಿಲ್ಲ. ತಿರುವು ಕಳೆಯಿತು. ಎದುರಿಗೆ ಕಮಾನು, ನೀರಿನ ಟ್ಯಾಂಕು. ಟ್ಯಾಂಕಿನ ಮೇಲಿದ್ದ ತಗಡೊಂದು ಗಾಳಿಗೆ ಎದ್ದೆದ್ದು ಬಡಿಯುತ್ತಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಅವಳ ಮೇಲೆ ಸಿಟ್ಟು, ಬೀದಿಯವರ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚು ಹೆದರಿಕೆ. "ಅಯ್ಯೋ ನಿನ್ನ! ಸೇತುವೆ ಇನ್ನೇನು ಬಂದೇಬಿಟ್ಟಿತ್ತು ಕಣೇ," ಅಂತ ಕೂಗಿದೆ. ಗುಲಾಬಿ ಕಮಾನಿನ ಕೆಳಗೆ ನಿಲ್ಲಿಸಲೂ ಇಲ್ಲ. ನೇರ ಊರೊಳಗೆ ಹೊಡೆದಳು. ಖೈರು ಕೋಳಿಯ ಬುಟ್ಟಿಯನ್ನು ಎದೆಗವುಚಿಕೊಂಡು ಮೆಲ್ಲಗೆ, "ಬೈಬೇಡ ಅಂಬುಜಾ. ಬಿಟ್ಟು ಹೋಗೋಕಾಗುತ್ತಾ?" ಅಂದಳು.

ನಮ್ಮ ಬೀದಿಯ ಕೆಳತುದಿಗೆ ಆಗಲೇ ನೀರು ಬಂದಿತ್ತು. ಮಳೆಯ ನೀರಲ್ಲ, ಉಪ್ಪಿನ ವಾಸನೆಯಿತ್ತು. ವಿಠೋಬ ಬಾಗಿಲು ತೆರೆದಿಟ್ಟುಕೊಂಡು ರಿಪೇರಿಗೆ ಬಂದಿದ್ದ ಹಾರ್ಮೋನಿಯಂಗಳನ್ನು ಒಂದೊಂದಾಗಿ ಅಟ್ಟಕ್ಕೆ ಏರಿಸುತ್ತಿದ್ದ. ನಮ್ಮ ವ್ಯಾನು ನೋಡಿ ಏಣಿಯ ಮೇಲೇ ನಿಂತ. ಗುಲಾಬಿ ಇಳಿಯಲಿಲ್ಲ. ಸ್ಟೇರಿಂಗ್ ಹಿಡಿದು ಮುಂದೆಯೇ ನೋಡುತ್ತ, "ಹತ್ತು ಅಂತ ಹೇಳು ಅವ್ನಿಗೆ," ಅಂದಳು ನನಗೆ.

"ವಿಠೋಬ, ಹತ್ತಪ್ಪ ಬೇಗ," ಅಂದೆ.

"ಬೇಡ ಅಂಬುಜಕ್ಕ. ನಾನು ಬಂದ್ರೆ ನೀವೂ ದಾಟಲ್ಲ. ನೀವು ಹೋಗಿ," ಅಂದ. ದನಿ ಬಹಳ ಸಣ್ಣದು. ಬಳಸದೇ ಇಟ್ಟ ದನಿ.

"ಅಟ್ಟದ ಮೇಲೆ ಕೂತ್ರೆ ಸಮುದ್ರ ಬಿಡುತ್ತೆ ಅಂದ್ಕೊಂಡಿದ್ದಾನಾ ಕೇಳು," ಅಂದಳು ಗುಲಾಬಿ.

"ಕೇಳಿಸ್ತು ಅಂಬುಜಕ್ಕ."

"ಅವ್ನು ಬರೋತನಕ ನಾನು ಹೋಗಲ್ಲ ಅಂತ ಹೇಳು. ಮುಳುಗಿದ್ರೆ ನಾಲ್ಕೂ ಜನ ಮುಳುಗೋಣ."

"ನನ್ನ ಯಾಕೆ ಸೇರಿಸ್ತೀಯೇ? ನನ್ನ ಕೋಳಿಗೆ ಯಾರು ದಿಕ್ಕು?" ಅಂತ ಖೈರು ಅಳುವ ದನಿಯಲ್ಲಿ ಅಂದಳು. ವಿಠೋಬ ಏಣಿ ಇಳಿದು, ಪಂಚೆ ಮೇಲೆ ಕಟ್ಟಿ, ನೀರಿನಲ್ಲಿ ನಡೆದು ಬಂದು ಖೈರುವಿನ ಪಕ್ಕದಲ್ಲಿ ಕೂತ.

ನಾವು ಕಮಾನು ದಾಟುವಾಗ ಮಳೆ ಹಿಡಿಯಿತು. ಅಂಥ ಮಳೆಯನ್ನು ನಾನು ನೋಡಿರಲಿಲ್ಲ, ಅಡ್ಡಡ್ಡಲಾಗಿ ಬರುತ್ತಿತ್ತು. ನಾನು ಕಿರುಚಿ ಕಿರುಚಿ ಹೇಳತೊಡಗಿದೆ. ಏನು ಹೇಳಿದೆನೋ ನನಗೇ ಗೊತ್ತಿಲ್ಲ. ಮಸಾಲೆ ದೋಸೆಗೆ ಹಿಟ್ಟು ಹದ ಮಾಡುವುದು, ಬ್ಲೌಸಿನ ಕಂಕುಳ ಕತ್ತರಿಸುವುದು, ನನ್ನ ಗಂಡ ಬಾವಿಗೆ ಬಿದ್ದ ಬಕೆಟ್ ತೆಗೆಯಲು ಹೋಗಿ ತಾನೇ ಬಿದ್ದದ್ದು. ಗುಲಾಬಿ ಹೂಂ ಅಂದಳು. ಖೈರು ಆಮೇಲೆ ಅಂದಳು. ನಾನು ಹಿಂತಿರುಗಿ ವಿಠೋಬನನ್ನೇ ನೋಡುತ್ತಿದ್ದೆ. ಅವನು ಪ್ರಯತ್ನ ಪಡಲಿಲ್ಲ ಅಂತ ಹೇಳಿದರೆ ನನ್ನ ಬಾಯಲ್ಲಿ ಹುಳ ಬೀಳಲಿ. ಬಾಯಿ ತೆರೆಯುತ್ತಿದ್ದ, ಗಂಟಲು ಅಲುಗುತ್ತಿತ್ತು, ಮುಖ ಕೆಂಪಾಗುತ್ತಿತ್ತು, ಹೂಂ ಮಾತ್ರ ಬರುತ್ತಿರಲಿಲ್ಲ. ಏಣಿಯ ಮೇಲೆ ನಿಂತು ಅಷ್ಟು ಮಾತಾಡಿದವನಿಗೆ ಈ ವ್ಯಾನಿನೊಳಗೆ ಉಸಿರೇ ಏಳುತ್ತಿರಲಿಲ್ಲ.

"ತಟ್ಟೋ, ಕೈಯಲ್ಲಾದ್ರೂ ತಟ್ಟು, ತಿಪ್ಪಯ್ಯನ ಹಾಗೆ," ಅಂದೆ. ಅವನು ಸೀಟಿನ ಬೆನ್ನಿಗೆ ತಟ್ಟಿದ. ಬಾಯಿದ್ದವನು ತಟ್ಟಿದ್ದಕ್ಕೆ ದಾರಿ ಒಪ್ಪಲಿಲ್ಲ. ತಿರುವು ಕಳೆಯಿತು, ಮಳೆಯೊಳಗಿಂದ ಕಮಾನು ಎದ್ದು ಬಂತು.

ಈ ಸಲ ಕಮಾನಿನ ಬುಡದಲ್ಲೂ ನೀರಿತ್ತು. ಅದು ನಿಂತ ನೀರಲ್ಲ, ಊರ ಕಡೆಯಿಂದ ನಮ್ಮ ಕಡೆಗೆ ಬರುತ್ತಿತ್ತು. ಚಕ್ರದ ಅರ್ಧದವರೆಗೆ ಬಂದಿತ್ತು. ವಿಠೋಬ ಬಾಗಿಲ ಹಿಡಿಗೆ ಕೈ ಹಾಕಿದ.

"ನಾನು ಇಳೀತೀನಿ. ಟ್ಯಾಂಕಿನ ಮೇಲೆ ಹತ್ತಿ ಕೂತ್ಕೊಳ್ತೀನಿ."

"ತಗಡು ಹಾರ್ತಿರೋದು ಕಾಣಲ್ವಾ?" ಅಂದಳು ಖೈರು. ಅವಳು ಅವನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು.

ಗುಲಾಬಿ ವ್ಯಾನು ತಿರುಗಿಸುತ್ತಿದ್ದಳು. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅಳು ಅಂದರೆ ಒಪ್ಪುವವಳಲ್ಲ, ಮಳೆ ಅನ್ನುತ್ತಾಳೆ. ಆ ಹೊತ್ತಿನಲ್ಲಿ ನನಗೆ ಹೊಳೆಯಿತು. ಇಷ್ಟು ವರ್ಷ ಆ ದಾರಿಯಲ್ಲಿ ಹೇಳಿಕೊಂಡು ತಿರುಗಿದವಳಿಗೆ ಮೊದಲೇ ಹೊಳೆಯಬೇಕಿತ್ತು, ಗಾಬರಿಯಲ್ಲಿ ಹೊಳೆದಿರಲಿಲ್ಲ. ಹೇಳುವವನು ಹೂಂ ಅನ್ನಬೇಕಾಗಿಲ್ಲ.

"ವಿಠೋಬ," ಅಂದೆ, "ಹೂಂ ಅನ್ನೋದು ಬೇಡ. ನೀನೇ ಹೇಳು. ನಾವು ಮೂವರೂ ಅಂತೀವಿ."

"ನನಗೇನು ಬರುತ್ತೆ ಹೇಳೋಕೆ?"

"ಏನಾದ್ರೂ ಹೇಳೋ ಮಾರಾಯ! ಹಾರ್ಮೋನಿಯಂ ಬಗ್ಗೆ ಹೇಳು. ನಿನ್ನೆ ಏನು ತಿಂದೆ ಅದು ಹೇಳು."

ಅವನು ಕಿಟಕಿಯಾಚೆ ಕಮಾನಿನ ಕಡೆ ನೋಡುತ್ತ ಕೂತ. ವ್ಯಾನು ಹೊರಟಿತು. ಬಹಳ ಹೊತ್ತು ಏನೂ ಹೇಳಲಿಲ್ಲ. ನಾನು ಮೂರನೆಯ ಸಲವೂ ಹೋಯಿತು ಅಂದುಕೊಂಡೆ. ಆಮೇಲೆ ಅದೇ ಸಣ್ಣ ದನಿಯಲ್ಲಿ ಶುರುಮಾಡಿದ.

"ಆವತ್ತು ಅವ್ವ ನನ್ನ ಮಣಿಕಟ್ಟು ಹಿಡಿದಿದ್ದಳು."

"ಹೂಂ," ಅಂದೆ ನಾನು. "ಹೂಂ," ಅಂದಳು ಖೈರು. ಗುಲಾಬಿಯ ಬೆನ್ನು ನೆಟ್ಟಗಾಯಿತು. ಅವಳು ಅನ್ನಲಿಲ್ಲ. ತಿರುವು ಇನ್ನೂ ದೂರವಿತ್ತು.

"ಮೆಲ್ಲಗೆ ಅಂದ್ಳು, ವಿಠೂ, ನೀನು ಹೂಂ ಅನ್ಬೇಡ. ನಂಗೆ ಆಸ್ಪತ್ರೆ ಬೇಡ. ಅಕ್ಕಂಗೆ ಹೇಳಿದ್ರೆ ಕೇಳಲ್ಲ. ಮನೆಗೆ ಹೋಗೋಣ, ನನ್ನ ಹಾಸಿಗೆ ಮೇಲೆ ಮಲಗಿಸು ಅಂತ."

"ಹೂಂ," ಅಂದೆವು ನಾವಿಬ್ಬರು.

"ನೀನೇ ಸುಮ್ನಾಗವ್ವ ಅಂದೆ ನಾನು. ಅದಕ್ಕವಳು, ನಾನು ಸುಮ್ನಾದ್ರೆ ಪ್ರಾಣ ಹೋಯ್ತು ಅಂದ್ಕೊಂಡು ಗುಲಾಬಿ ಗಾಬರಿಯಾಗಿ ವ್ಯಾನು ಗುಂಡಿಗೆ ಹಾಕ್ತಾಳೆ, ನೀನು ಸುಮ್ನಿರು, ನಾನು ಹೂಂ ಅಂತಿರ್ತೀನಿ ಅಂದ್ಳು. ಅದಕ್ಕೇ ನಾನು..."

"ಹೂಂ," ಅಂದೆ. "ಅಯ್ಯೋ ಅಲ್ಲಾ," ಅಂದಳು ಖೈರು. ತಿರುವು ಕಾಣುತ್ತಿತ್ತು. ಬೇಲಿಯ ಗಿಡಗಳೆಲ್ಲ ರಸ್ತೆಗೆ ಅಡ್ಡ ಮಲಗಿದ್ದವು. ನಾನು ಗುಲಾಬಿಯ ಭುಜ ಹಿಡಿದು ಅಲುಗಿಸಿದೆ. "ಅನ್ನೇ. ಗುಲಾಬಿ, ಅನ್ನೇ. ಬೈದಾದ್ರೂ ಬೈಯೇ!"

"ನೀನು," ಅಂದಳು ಗುಲಾಬಿ. ಅಷ್ಟು ವರ್ಷಗಳಲ್ಲಿ ಅವನಿಗೇ ಅಂತ ಆಡಿದ ಮೊದಲ ಮಾತು. "ನೀನು ನನಗೆ ಯಾಕೆ ಹೇಳ್ಲಿಲ್ಲ? ಅಲ್ಲಿ ಕಮಾನಿನ ಕೆಳಗೆ ನಾನು ನಿನ್ನ ಕೆನ್ನೆಗೆ ಹೊಡೆದೆ. ಊರೆಲ್ಲ ನಿನ್ನ ಮುಖಕ್ಕೆ ಉಗೀತು. ನಿನ್ನ ಮದುವೆ ತಪ್ಪಿತು. ಹೊಟ್ಟೇಲಿ ಇಟ್ಕೊಂಡು ಕೂತ್ಯಾ? ನಿನಗೆ ಬಾಯಿ ಇರಲಿಲ್ವಾ?"

ತಿರುವು ಕಳೆಯಿತು. ಎದುರಿಗೆ ಕಮಾನು ಇರಲಿಲ್ಲ. ರಸ್ತೆಯೇ ಇತ್ತು, ನೀರು ಹರಿಯುವ ರಸ್ತೆ, ಮುಂದೆ ಇನ್ನೊಂದು ತಿರುವು. ಖೈರು ಏನೋ ದುವಾ ಹೇಳಿದಳು, ಅದರ ನಡುವೆಯೇ ಎರಡು ಸಲ ಹೂಂ ಅಂದಳು.

ಆದರೆ ಗುಲಾಬಿ ನಿಲ್ಲಿಸಲಿಲ್ಲ. ಅವಳ ದನಿ ಇಳಿಯುತ್ತ ಬಂತು. "ಅವಳಿಗೆ ಮನೆಗೆ ಹೋಗ್ಬೇಕಿತ್ತು. ಕಮಾನು ಕಂಡಾಗ್ಲೆಲ್ಲ ನಾನು ವ್ಯಾನು ತಿರುಗಿಸಿದೆ. ಹತ್ತು ಹೆಜ್ಜೆ ಒಳಗೆ ಹೋಗಿದ್ರೆ ಮನೆ. ನಾನು ತಿರುಗಿಸಿದೆ. ಮತ್ತೆ ಬಂತು, ಮತ್ತೆ ತಿರುಗಿಸಿದೆ. ಹಾಗಾದ್ರೆ ಅವಳನ್ನ ಅವಳ ಹಾಸಿಗೆ ಮೇಲೆ ಸಾಯೋಕೆ ಬಿಡದೇ ಇದ್ದದ್ದು ನಾನು. ಅದಕ್ಕೇ ನೀನು ಹೇಳ್ಲಿಲ್ಲ."

ಈಗ ಹೇಳುವವಳು ಅವಳಾಗಿದ್ದಳು. ನಾವು ಮೂವರೂ ಏನಾದರೂ ಅನ್ನಬೇಕಿತ್ತು. ತಿರುವು ಹತ್ತಿರ ಬರುತ್ತಿತ್ತು, ಅದರಾಚೆಗೆ ಸೇತುವೆ. ನನ್ನ ಬಾಯಿಯಿಂದ ಮಾತು ಹೊರಡಲಿಲ್ಲ. ಆ ಮಾತಿಗೆ ಹೂಂ ಅನ್ನಲು ಯಾರಿಗೆ ಬಾಯಿ ಬರುತ್ತದೆ? ಕೊನೆಗೆ "ಅಯ್ಯೋ ಗುಲಾಬಿ" ಅಂದೆ. ಖೈರು "ತೋಬಾ, ಹಾಗನ್ಬೇಡ" ಅಂದಳು. ಇನ್ನು ಉಳಿದವನು ಒಬ್ಬನೇ. ನಾನು ಹಿಂತಿರುಗಿ ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ.

"ಅಲ್ಲ," ಅಂದ ವಿಠೋಬ.

ವ್ಯಾನು ತಿರುವಿಗೆ ಇಳಿಯಿತು.

"ಅಲ್ಲ ಅಕ್ಕ. ಅಲ್ಲ. ಅಲ್ಲ ಅಕ್ಕ, ಅಲ್ಲ," ಅಂದ. ಗಂಟಲಿನಿಂದಲ್ಲ, ಹೊಟ್ಟೆಯೊಳಗಿಂದ ಬಂತು. ಒಂದು ಸಲ ಅಂದರೆ ಸಾಕಿತ್ತು. ಅವನು ತಿರುವು ಮುಗಿಯುವವರೆಗೂ ಅನ್ನುತ್ತಲೇ ಇದ್ದ, ಸೇತುವೆಯ ಮೇಲೂ ಅನ್ನುತ್ತಲೇ ಇದ್ದ. ಕೆಳಗೆ ಹೊಳೆ ಕೆಂಪಗೆ ತುಂಬಿ ಸೇತುವೆಯ ಹೊಟ್ಟೆಗೆ ತಾಗುತ್ತಿತ್ತು. ಇಡೀ ಸೇತುವೆ ಗುಂಯ್‌ಗುಡುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡಿದ್ದೆ.

ಆಚೆಯ ದಡ ಎತ್ತರದಲ್ಲಿದೆ. ಅಲ್ಲಿ ಊರಿನವರ ಗಾಡಿಗಳು ಸಾಲಾಗಿ ನಿಂತಿದ್ದವು. ಬಸ್ಸೂ ಇತ್ತು. ಭಟ್ಟರು ಮತ್ತು ಬಾರ್ ಸುಧೀರ ಒಂದೇ ಪ್ಲಾಸ್ಟಿಕ್ ಹಾಳೆಯ ಕೆಳಗೆ ನಿಂತು ಚಹಾ ಕುಡಿಯುತ್ತಿದ್ದರು. ನಮ್ಮ ವ್ಯಾನು ನೋಡಿ ಯಾರೋ ಕೈ ಎತ್ತಿದರು, ಆಮೇಲೆ ಹಿಂದಿನ ಸೀಟಿನಲ್ಲಿ ವಿಠೋಬನನ್ನು ಕಂಡು ಎತ್ತಿದ ಕೈ ಹಾಗೇ ಉಳಿಯಿತು. ಗುಲಾಬಿ ಅವರ ಹತ್ತಿರ ನಿಲ್ಲಿಸದೆ ಸ್ವಲ್ಪ ಮುಂದೆ ಹೋಗಿ ರಸ್ತೆಯ ಬದಿಗೆ ಹಾಕಿ ಇಂಜಿನ್ ಆರಿಸಿದಳು.

ವ್ಯಾನಿನೊಳಗೆ ಯಾರೂ ಮಾತಾಡಲಿಲ್ಲ. ಮಾತಾಡಬೇಕಾಗಿಯೂ ಇರಲಿಲ್ಲ. ಮಳೆ ಮೇಲಿನ ತಗಡಿಗೆ ಬಡಿಯುತ್ತಿತ್ತು, ಕೋಳಿ ಟವೆಲ್ ಕೆಳಗೆ ಗೊರಗೊರ ಅನ್ನುತ್ತಿತ್ತು. ನನಗೆ ಅಂಥ ಮೌನ ಅಭ್ಯಾಸವಿಲ್ಲ. ಬಾಯಿ ತೆರೆದೆ. ಖೈರು ಹಿಂದಿನಿಂದ ನನ್ನ ತೋಳನ್ನು ನೀಲಿಗಟ್ಟುವ ಹಾಗೆ ಚಿವುಟಿದಳು. ಮುಚ್ಚಿದೆ.

"ವಿಠೋಬ," ಅಂದಳು ಗುಲಾಬಿ, ಮುಂದಿನ ಗಾಜನ್ನೇ ನೋಡುತ್ತ. "ಇಲ್ಲಿ ಕಥೆ ಹೇಳ್ಲೇಬೇಕು ಅಂತೇನಿಲ್ಲ. ಅಲ್ಲಿ ನಾವೆಲ್ಲ ದಾಟ್ಲಿ ಅಂತ ಕಟ್ಟಿ ಹೇಳಿದ್ದಾದ್ರೂ ನಾನು ಬೈಯಲ್ಲ. ನಿಜ ಹೇಳು. ಅವ್ವ ಹಾಗಂದಿದ್ದು ಹೌದಾ?"

ನಾನು ಆಗಲೇ ಹೇಳಿದೆನಲ್ಲ, ನಮ್ಮಲ್ಲಿ ಯಾರೂ ಹೀಗೆ ಕೇಳುವುದಿಲ್ಲ. ನನಗೂ ಆ ಅನುಮಾನ ಬಂದಿತ್ತು, ಸುಳ್ಳೇಕೆ ಹೇಳಲಿ. ಪ್ರಾಣ ಹೋಗುವಂತಿದ್ದಾಗ ಎಂಥೆಂಥವರು ಎಂಥೆಂಥ ಕಥೆ ಕಟ್ಟಿದ್ದನ್ನು ಆ ದಾರಿಯಲ್ಲಿ ಕೇಳಿದ್ದೇನೆ. ಇಲ್ಲ ಅನ್ನಲಿ ದೇವರೇ, ಇವಳಿಗೆ ಅದೊಂದು ಭಾರ ತಪ್ಪಲಿ ಅಂದುಕೊಂಡೆ. ಮರುಗಳಿಗೆಯಲ್ಲೇ, ಹೌದು ಅನ್ನಲಿ, ಅವನ ಮೇಲಿನ ಕಳಂಕ ಹೋಗಲಿ ಅಂದುಕೊಂಡೆ. ಇಬ್ಬರಲ್ಲಿ ಒಬ್ಬರು ಹೊರಲೇಬೇಕಿತ್ತು.

ವಿಠೋಬ ತನ್ನ ಮಣಿಕಟ್ಟನ್ನು ಉಜ್ಜಿಕೊಂಡ.

"ಇನ್ನೊಂದು ಮಾತೂ ಅಂದಿದ್ಳು," ಅಂದ. "ಎರಡನೇ ಸಲ ತಿರುಗಿಸ್ದಾಗ. ಇವಳು ಬ್ರೇಕ್ ಹಾಕೋದು ನೋಡು, ಸೋಡಾ ಬಾಟ್ಲಿಗಳಿಗೂ ನನಗೂ ವ್ಯತ್ಯಾಸ ಗೊತ್ತಿಲ್ಲ ಈ ಹುಡುಗಿಗೆ ಅಂದ್ಳು. ಅಂದು ನಕ್ಳು. ಆಮೇಲೆ ಮಾತಾಡ್ಲಿಲ್ಲ."

ಗುಲಾಬಿಯ ಭುಜ ಅಲುಗಿತು. ನಾನು ಅಳುತ್ತಿದ್ದಾಳೆ ಅಂದುಕೊಂಡೆ. ನಗುತ್ತಿದ್ದಳು. "ಅವಳದೇ ಮಾತು," ಅಂದಳು. "ಲೈಸೆನ್ಸ್ ತಗೊಂಡ ದಿನದಿಂದ ಅದೇ ಮಾತು. ಸಾಯೋವಾಗ್ಲೂ ಬಿಡ್ಲಿಲ್ಲ ಮುದುಕಿ." ನಗುತ್ತ ನಗುತ್ತಲೇ ಅದು ಬೇರೆಯಾಯಿತು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ. ಅವಳು ನನ್ನ ಕೈ ಸರಿಸಿ, ಬಾಗಿಲು ತೆಗೆದು, ಸುರಿಯುವ ಮಳೆಯಲ್ಲಿ ಸುತ್ತು ಹಾಕಿ ಹಿಂದಿನ ಬಾಗಿಲಿಗೆ ಬಂದು, ಬೀಗದ ಕೈಯನ್ನು ವಿಠೋಬನ ತೊಡೆಯ ಮೇಲೆ ಹಾಕಿದಳು.

"ಹಾಗಾದ್ರೆ ನೀನೇ ಓಡ್ಸು. ನನಗೆ ಬ್ರೇಕ್ ಹಾಕೋಕೆ ಬರಲ್ವಲ್ಲ."

ಅವನು ಇಳಿದ. ಅವಳು ಅವನು ಕೂತಿದ್ದ ಜಾಗದಲ್ಲಿ ಕೂತು, ಖೈರುವಿನ ಭುಜಕ್ಕೆ ಒರಗಿ, ಬಾಯಿಗೆ ಸೆರಗು ಒತ್ತಿಕೊಂಡಳು. ಖೈರು ಕೋಳಿಯ ಬುಟ್ಟಿಯನ್ನು ಕಾಲ ಕೆಳಗಿಟ್ಟು ಅವಳ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ವಿಠೋಬ ಎಷ್ಟೋ ವರ್ಷ ಸ್ಟೇರಿಂಗ್ ಮುಟ್ಟಿರಲಿಲ್ಲ. ಗೇರು ಹಾಕುವಾಗ ಕರಕರ ಅಂದಿತು. ಆಮೇಲೆ ಸರಿಹೋಯಿತು. ನಮ್ಮೂರವರನ್ನೆಲ್ಲ ಮುಂದಿನ ಶಾಲೆಯ ಕಟ್ಟಡದಲ್ಲಿ ಇಳಿಸುತ್ತಾರಂತೆ, ಅಲ್ಲಿಯವರೆಗೆ ಗುಂಡಿಗಳೇ ಗುಂಡಿಗಳು. ಅವನು ಒಂದೊಂದನ್ನೂ ದೂರದಿಂದಲೇ ನೋಡಿ, ವೇಗ ಇಳಿಸಿ, ಬ್ರೇಕ್ ಹಾಕಿದ್ದೇ ಗೊತ್ತಾಗದ ಹಾಗೆ ದಾಟಿಸಿದ. ಹಿಂದೆ ಗುಲಾಬಿ ಅಳುತ್ತಿದ್ದಳು. ನಾನು ಮುಂದೆ ಅವನ ಪಕ್ಕದಲ್ಲಿ ಕೂತು, ಹುಟ್ಟಿದ ಮೇಲೆ ಮೊದಲ ಸಲ, ಒಂದು ಮಾತೂ ಆಡದೆ ಅಷ್ಟು ದೂರ ಹೋದೆ.